ಡೀಸೆಲ್ ಇಂಜಿನ್ ಮೇಲೆ ಯಾಕಿಷ್ಟು ಪ್ರೀತಿ? ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬಾಗಲಕೋಟೆ ಜಿಲ್ಲೆ, ಮುಧೋಳ ತಾಲೂಕು. ಘಟಪ್ರಭಾ ದಂಡೆಯ ಮೇಲೆ ಅಜ್ಜ ಕೂರಿಸಿದ್ದ ಇಂಜಿನ್ನಿನ ಸದ್ದು ಕೇಳುತ್ತಲೇ ಬೆಳೆದೆ. ಈಗ ಇಂಜಿನ್ ರಿಪೇರಿಯೇ ನನ್ನ ಕೆಲಸ. ಗ್ಯಾರೇಜಿಗೆ ಬಂದವರು ಚಹಾ ಕುಡಿಯುತ್ತಾ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಉತ್ತರ ಒಂದು ಕಡೆ ಇರಲಿ ಅಂತ ಬರೆದಿಟ್ಟಿದ್ದೇನೆ.

ಡೀಸೆಲ್ ಇಂಜಿನ್ ಅಂದರೆ ಮಂದಿಗೆ ಯಾಕೆ ಅಷ್ಟು ಇಷ್ಟ?

ಭಾರ ಬಿದ್ದಾಗ ಅದು ಕೈ ಬಿಡುವುದಿಲ್ಲ, ಅದಕ್ಕೆ. ಚಿಕ್ಕವನಿದ್ದಾಗ ರಾತ್ರಿ ಕಬ್ಬಿಗೆ ನೀರು ಹಾಯಿಸಲು ಅಜ್ಜನ ಜೊತೆ ಹೋಗುತ್ತಿದ್ದೆ. ಪೈಪಿನಲ್ಲಿ ನೀರು ಏರುವವರೆಗೆ ಇಂಜಿನ್ ಸದ್ದು ಹಗುರವಾಗಿರುತ್ತಿತ್ತು. ನೀರು ಹಿಡಿದ ಕೂಡಲೇ ಸದ್ದು ದಪ್ಪಗಾಗುತ್ತಿತ್ತು. ಅಷ್ಟೇ, ವೇಗ ಬೀಳುತ್ತಿರಲಿಲ್ಲ. ಬೆಳಗಿನ ಜಾವದವರೆಗೂ ಅದೇ ಲಯ. ಅಜ್ಜ ಬದುವಿನ ಮೇಲೆ ಮಲಗಿ ಕಣ್ಣು ಮುಚ್ಚಿರುತ್ತಿದ್ದ. ಆದರೆ ಸದ್ದು ಒಂಚೂರು ಬದಲಾದರೆ ಸಾಕು, ಎದ್ದು ಕೂರುತ್ತಿದ್ದ. ನೀರೊಳಗಿನ ಪೈಪಿನ ತುದಿಯ ಫುಟ್ ವಾಲ್ವಿಗೆ ಕಸ ಸಿಕ್ಕಿದೆ ಅಂತ ಸದ್ದಿನ ಮೇಲೇ ಹೇಳುತ್ತಿದ್ದ.

ಆ ಲಯ ಕಾಯುವುದು ಗವರ್ನರ್. ಭಾರ ಹೆಚ್ಚಾಗಿ ಸುತ್ತು ಕಡಿಮೆಯಾದರೆ ಅದು ತಾನಾಗಿಯೇ ಡೀಸೆಲ್ ಜಾಸ್ತಿ ಬಿಡುತ್ತದೆ. ಭಾರ ಇಳಿದರೆ ಕಡಿಮೆ ಮಾಡುತ್ತದೆ. ಪಕ್ಕದಲ್ಲಿ ನಿಂತು ಯಾರೂ ರೇಸ್ ಕೊಡಬೇಕಿಲ್ಲ. ನಮ್ಮ ಕಡೆ ಡೀಸೆಲ್ ಮೇಲಿರುವ ನಂಬಿಕೆ ಹುಟ್ಟಿದ್ದು ಇಲ್ಲೇ ಅಂತ ನನಗೆ ಅನಿಸುತ್ತದೆ. ಆ್ಯವರೇಜು, ಬೆಲೆ ಎಲ್ಲ ಆಮೇಲಿನ ಮಾತು.

ಕಿಡಿ ಹಾರಿಸುವ ಪ್ಲಗ್ ಇಲ್ಲದೆ ಒಳಗೆ ಬೆಂಕಿ ಹೇಗೆ ಹತ್ತುತ್ತದೆ?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಲೆಕ್ಕ. ಡೀಸೆಲ್ ಇಂಜಿನ್ ಮೊದಲು ಬರೀ ಗಾಳಿಯನ್ನು ಎಳೆದುಕೊಂಡು ಒತ್ತುತ್ತದೆ. ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಕಾಣುವ ಕಿರ್ಲೋಸ್ಕರ್ ಟಿವಿ1 ಇಂಜಿನ್ನಿನಲ್ಲಿ 17.5 ಪಾಲು ಜಾಗದ ಗಾಳಿ 1 ಪಾಲಿಗೆ ಇಳಿಯುತ್ತದೆ. ಆಗ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಸರಿಯಾಗಿ ಆ ಹೊತ್ತಿಗೆ ನಾಜಲ್ ಸುಮಾರು 200 ಬಾರ್ ಒತ್ತಡದಲ್ಲಿ ಡೀಸೆಲ್ಲನ್ನು ಮಂಜಿನ ಹಾಗೆ ಸಿಂಪಡಿಸುತ್ತದೆ. ಕಿಡಿ ಬೇಕಾಗುವುದೇ ಇಲ್ಲ, ತಾನೇ ಹತ್ತಿಕೊಳ್ಳುತ್ತದೆ.

ಪೆಟ್ರೋಲ್ ಇಂಜಿನ್ ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿಕೊಂಡು ಒತ್ತುತ್ತದೆ. ಅದನ್ನು ಇಷ್ಟು ಒತ್ತಿದರೆ ಹೊತ್ತಿಗೆ ಮೊದಲೇ ಹತ್ತಿ ಬಡಿಯುತ್ತದೆ. ಅದಕ್ಕೇ 9ರಿಂದ 12 ಪಾಲಿಗೆ ನಿಲ್ಲಿಸುತ್ತಾರೆ.

ಇಷ್ಟು ಒತ್ತಡ ತಡೆಯಬೇಕೆಂದರೆ ಡೀಸೆಲ್ ಇಂಜಿನ್ನಿನ ಕ್ರ್ಯಾಂಕು, ಹೆಡ್ಡು, ಬ್ಲಾಕು ಎಲ್ಲ ದಪ್ಪ ಇರಬೇಕು. ತೂಕ ಬರುವುದು ಅದರಿಂದ, ಬಾಳಿಕೆ ಬರುವುದೂ ಅದರಿಂದ. ಪ್ಲಗ್ಗು, ಕಾಯಿಲ್ಲು, ಕಾರ್ಬ್ಯುರೇಟರು ಇಲ್ಲದ್ದರಿಂದ ಹೊಲದ ಮಂಜಿಗೂ ಮಳೆಗೂ ಹೆದರಬೇಕಿಲ್ಲ. ಇನ್ನೊಂದು ಮಾತು. ಡೀಸೆಲ್ ಪೆಟ್ರೋಲಿನಷ್ಟು ಬೇಗ ಬೆಂಕಿ ಹಿಡಿಯುವುದಿಲ್ಲ. ಹೊಲದ ಗುಡಿಸಲಲ್ಲಿ ಕ್ಯಾನ್ ಇಡುವ ರೈತನಿಗೆ ಅದು ಸಣ್ಣ ವಿಷಯ ಅಲ್ಲ.

45 ಎಚ್‌ಪಿ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಬ್ಬು ಎಳೆಯುತ್ತದೆ. 80 ಎಚ್‌ಪಿ ಕಾರು ಯಾಕೆ ಎಳೆಯಲ್ಲ?

ಕಬ್ಬಿನ ಹಂಗಾಮು ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ.

ಎಚ್‌ಪಿ ಅಂದರೆ ಒಂದು ತಾಸಿನಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವ ಲೆಕ್ಕ. ಟಾರ್ಕ್ ಅಂದರೆ ಶಾಫ್ಟನ್ನು ಎಷ್ಟು ಜೋರಾಗಿ ತಿರುಗಿಸುತ್ತದೆ ಅನ್ನುವ ಲೆಕ್ಕ, ತಿರುಗಿಸುವ ಕೈಯ ಬಲ ಅಂದುಕೊಳ್ಳಿ. ಸುತ್ತು ಜಾಸ್ತಿ ಮಾಡಿದರೆ ಸಣ್ಣ ಕೈಯಿಂದಲೂ ಎಚ್‌ಪಿ ಬರುತ್ತದೆ. ಸುತ್ತು ಕಡಿಮೆ ಇದ್ದು ಎಚ್‌ಪಿ ಬರಬೇಕೆಂದರೆ ಕೈ ದೊಡ್ಡದಿರಬೇಕು.

ಮೂರು ಇಂಜಿನ್ ಅಕ್ಕಪಕ್ಕ ಇಟ್ಟು ನೋಡೋಣ. 5 ಎಚ್‌ಪಿಯ ಸಣ್ಣ ಪೆಟ್ರೋಲ್ ಇಂಜಿನ್ ನಿಮಿಷಕ್ಕೆ 3600 ಸುತ್ತು ಓಡುತ್ತದೆ. ಅದರ ಟಾರ್ಕ್ ಸುಮಾರು 10 ನ್ಯೂಟನ್ ಮೀಟರ್. ಅದೇ 5 ಎಚ್‌ಪಿಯ ಡೀಸೆಲ್ ಇಂಜಿನ್ 1500 ಸುತ್ತಿನಲ್ಲಿ ಸುಮಾರು 24 ಕೊಡುತ್ತದೆ. ಹಿಟ್ಟಿನ ಗಿರಣಿಗಳಲ್ಲಿ ಇರುತ್ತಿದ್ದ ಹಳೆಯ ಲಿಸ್ಟರ್ ಮಾದರಿ ನೆನಪಿದೆಯಾ? ಎರಡು ದೊಡ್ಡ ಚಕ್ರ, 6 ಎಚ್‌ಪಿ, ನಿಮಿಷಕ್ಕೆ 650 ಸುತ್ತು. ಅದರದು 65ರ ಆಸುಪಾಸು. ಆ ಭಾರಿ ಚಕ್ರಗಳು ಒಮ್ಮೆ ತಿರುಗಲು ಶುರು ಮಾಡಿದರೆ ಗಿರಣಿ ಕಲ್ಲಿಗೆ ಒಮ್ಮೆಲೇ ಜೋಳ ಸುರಿದರೂ ಅಲುಗಾಡುತ್ತಿರಲಿಲ್ಲ.

ಈಗ ಟ್ರ್ಯಾಕ್ಟರಿಗೆ ಬನ್ನಿ. ಸಣ್ಣ ಪೆಟ್ರೋಲ್ ಕಾರು ತನ್ನ ಪೂರ್ತಿ ಟಾರ್ಕ್ ಕೊಡುವುದು 4000 ಸುತ್ತು ದಾಟಿದ ಮೇಲೆ. ಟ್ರ್ಯಾಕ್ಟರ್ ಅದಕ್ಕಿಂತ ಜಾಸ್ತಿ ಟಾರ್ಕನ್ನು ಅದರ ಅರ್ಧಕ್ಕೂ ಕಡಿಮೆ ಸುತ್ತಿನಲ್ಲೇ ಕೊಡುತ್ತದೆ. ಮೇಲೆ ಅದರ ಗೇರು ತಾಸಿಗೆ ಎರಡು ಮೂರು ಕಿ.ಮೀ. ವೇಗಕ್ಕೆ ಇಳಿಯುತ್ತದೆ. ಮೈತೂಕ ಎರಡು ಟನ್ ಹತ್ತಿರ ಇರುವುದರಿಂದ ಗಾಲಿ ಜಾರದೆ ನೆಲ ಕಚ್ಚುತ್ತದೆ. ಎರೆ ಹೊಲದಲ್ಲಿ ರಂಟೆ ಹೊಡೆಯುವಾಗ ಗಟ್ಟಿ ಹೆಂಟೆ ಅಡ್ಡ ಬಂದರೆ ಸುತ್ತು ಸ್ವಲ್ಪ ಇಳಿಯುತ್ತದೆ. ಸುತ್ತು ಇಳಿದ ಹಾಗೆ ಟಾರ್ಕ್ ಏರುತ್ತದೆ, ಹೆಂಟೆ ಒಡೆದು ಮುಂದೆ ಹೋಗುತ್ತದೆ. ಸ್ಟೇರಿಂಗ್ ಹಿಡಿದವನಿಗೆ ಅದು ಕೂತ ಸೀಟಿನಲ್ಲೇ ತಿಳಿಯುತ್ತದೆ. ಅದನ್ನು ಒಂದು ಸಲ ಅನುಭವಿಸಿದವರು ಡೀಸೆಲ್ ಬಿಟ್ಟು ಬೇರೆ ಮಾತಾಡುವುದಿಲ್ಲ.

ನಿಜವಾಗಲೂ ಎಣ್ಣೆ ಕಡಿಮೆ ಕುಡಿಯುತ್ತದಾ?

ಹೌದು. 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್. ಸಣ್ಣ ಡೀಸೆಲ್ ಇಂಜಿನ್ ಒಂದು ಕಿಲೋವ್ಯಾಟಿಗೆ ತಾಸಿಗೆ ಸುಮಾರು 250 ಗ್ರಾಂ ಡೀಸೆಲ್ ತಿನ್ನುತ್ತದೆ. ಪೂರ್ತಿ ಲೋಡಿನಲ್ಲಿ ತಾಸಿಗೆ 925 ಗ್ರಾಂ ಆಯಿತು. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ, ಹಾಗಾಗಿ ತಾಸಿಗೆ 1.1 ಲೀಟರ್. ಅಷ್ಟೇ ಕೆಲಸ ಮಾಡುವ ಸಣ್ಣ ಪೆಟ್ರೋಲ್ ಇಂಜಿನ್‌ಗೆ ತಾಸಿಗೆ ಹೆಚ್ಚು ಕಮ್ಮಿ ಎರಡು ಲೀಟರ್ ಬೇಕು. ರಾತ್ರಿ ಎಂಟು ತಾಸು ನೀರು ಹಾಯಿಸಿದರೆ ಎಷ್ಟು ಉಳಿಯಿತು ಅಂತ ನೀವೇ ಗುಣಿಸಿ.

ಕಾರಣ ಮೂರು. ಒತ್ತಡ ಜಾಸ್ತಿ ಇರುವುದರಿಂದ ಬೆಂಕಿಯ ಕಾವು ಹೆಚ್ಚಾಗಿ ಕೆಲಸಕ್ಕೆ ಬರುತ್ತದೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಹತ್ತು ಹದಿನೈದು ಪರ್ಸೆಂಟ್ ಜಾಸ್ತಿ ಶಕ್ತಿ ಇದೆ. ಮೂರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ: ಲೋಡ್ ಕಡಿಮೆ ಇದ್ದಾಗ ಪೆಟ್ರೋಲ್ ಇಂಜಿನ್ ಗಾಳಿಯ ದಾರಿಯನ್ನೇ ಕಿರಿದು ಮಾಡಿಕೊಂಡು ಕಷ್ಟಪಟ್ಟು ಉಸಿರಾಡುತ್ತದೆ. ಡೀಸೆಲ್ ಗಾಳಿಯನ್ನು ಪೂರ್ತಿ ತೆಗೆದುಕೊಂಡು ಎಣ್ಣೆಯನ್ನಷ್ಟೇ ಕಡಿಮೆ ಮಾಡುತ್ತದೆ.

ಇದನ್ನು ಕಂಡುಹಿಡಿದವರು ಯಾರು? ನಮ್ಮ ಕಡೆಗೂ ಇದಕ್ಕೂ ಏನಾದರೂ ನಂಟು ಇದೆಯಾ?

ರುಡಾಲ್ಫ್ ಡೀಸೆಲ್. ಹುಟ್ಟಿದ್ದು 1858ರಲ್ಲಿ ಪ್ಯಾರಿಸ್ಸಿನಲ್ಲಿ, ಜರ್ಮನಿಯ ಇಂಜಿನಿಯರ್. 1893ರಲ್ಲಿ ಪೇಟೆಂಟ್ ಸಿಕ್ಕಿತು, 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಇಂಜಿನ್ ಗೆದ್ದಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತ್ತು. ಶೇಂಗಾ ಬೆಳೆಯುವ ನಮ್ಮ ಮಂದಿಗೆ ಇದನ್ನು ಹೇಳಿದರೆ ಮುಖ ಅರಳುತ್ತದೆ. 1913ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವಾಗ ರಾತ್ರಿ ಕಾಣೆಯಾದರು, ಆಮೇಲೆ ಸಮುದ್ರದಲ್ಲಿ ಹೆಣ ಸಿಕ್ಕಿತು.

ನಂಟು ಇದೆ, ಹತ್ತಿರದ್ದೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ನೆಲಕ್ಕೆ ವಿಷ ಅಂತ ರೈತರು ಮೊದಮೊದಲು ಅದನ್ನು ಮುಟ್ಟಿರಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದ ಜಾಗಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಶುರುವಾದದ್ದು 1946ರಲ್ಲಿ, ಪುಣೆಯಲ್ಲಿ. ನಮ್ಮ ಹೊಳೆ ದಂಡೆಗಳ ಮೇಲೆ ಕೂತ ಇಂಜಿನ್‌ಗಳಲ್ಲಿ ಆ ಹೆಸರಿನವು ಬಹಳ. ಅಜ್ಜನದೂ ಅದೇ, 5 ಎಚ್‌ಪಿ, ಎವಿ1. ಇವತ್ತಿಗೂ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳ ಕಡೆ ಹೋದರೆ ಎರಕದ ಮಣ್ಣಿನ ವಾಸನೆ ಮೂಗಿಗೆ ಬರುತ್ತದೆ.

ಹೊಲಕ್ಕೆ ಕರೆಂಟ್ ಇದೆ. ಆದರೂ ಇಂಜಿನ್ ಇಡಬೇಕಾ?

ದಿನದ ಕೆಲಸಕ್ಕೆ ಬೇಡ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ. ಪುಕ್ಕಟೆ ಕರೆಂಟಿನ ಮುಂದೆ ಯಾವ ಡೀಸೆಲ್ಲೂ ಗೆಲ್ಲುವುದಿಲ್ಲ. ಇಂಜಿನ್ ಮಾರುವವನೇ ಆಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಆದರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟು ವಾರಗಟ್ಟಲೆ ಕರೆಂಟ್ ಇಲ್ಲದಾಗ, ಏಪ್ರಿಲ್ ಬಿಸಿಲಲ್ಲಿ ಬೆಳೆ ಬಾಡುವಾಗ, ಮೂಲೆಯಲ್ಲಿ ಒಂದು ಇಂಜಿನ್ ಇದ್ದವನಿಗೆ ಅದರ ಬೆಲೆ ಗೊತ್ತು. ಹಳೆಯದು ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ.

ಎಡೆ ಹೊಡೆಯುವ ಯಂತ್ರ, ಔಷಧ ಹೊಡೆಯುವ ಪಂಪು, ಮೇವು ಕತ್ತರಿಸುವ ಯಂತ್ರಕ್ಕೆ ಯಾವುದು ಒಳ್ಳೆಯದು?

ಬೆನ್ನಿಗೆ ಹಾಕಿಕೊಳ್ಳುವ, ಕೈಯಲ್ಲಿ ಎತ್ತುವ ಯಾವ ಯಂತ್ರಕ್ಕೂ ಡೀಸೆಲ್ ಬೇಡ. 5-6 ಎಚ್‌ಪಿಯ ಪೆಟ್ರೋಲ್ ಇಂಜಿನ್ 15-16 ಕೆ.ಜಿ. ಇರುತ್ತದೆ. ಅಷ್ಟೇ ಶಕ್ತಿಯ ಗಾಳಿಯಿಂದ ತಣಿಯುವ ಹಗುರ ಡೀಸೆಲ್ ಕೂಡ ಅದರ ಎರಡು ಪಟ್ಟು ತೂಗುತ್ತದೆ. ನೀರಿನಿಂದ ತಣಿಯುವ 1500 ಸುತ್ತಿನದು ನೂರು ಕೆ.ಜಿ. ದಾಟುತ್ತದೆ.

ಒಂದೇ ಕಡೆ ಕೂತು ಗಂಟೆಗಟ್ಟಲೆ ಓಡುವುದಕ್ಕೆ, ಅಂದರೆ ಮೇವು ಯಂತ್ರ, ನೀರಿನ ಪಂಪು, ಗಿರಣಿ, ಇವಕ್ಕೆ ಕಣ್ಣು ಮುಚ್ಚಿ ಡೀಸೆಲ್ ತೆಗೆದುಕೊಳ್ಳಿ. ಎಡೆ ಯಂತ್ರ ನಡುವಿನದು. ವರ್ಷಕ್ಕೆ ಒಂದೆರಡು ಎಕರೆ ನಿಮ್ಮದೇ ಹೊಲಕ್ಕಾದರೆ ಪೆಟ್ರೋಲ್ ಸಾಕು. ಬಾಡಿಗೆಗೆ ಹೊಡೆಯುವವರು, ಎರೆ ಹೊಲ ಇರುವವರು ಡೀಸೆಲ್ಲೇ ತೆಗೆದುಕೊಳ್ಳಲಿ. ಅಲ್ಲಿ ತೂಕವೂ ಉಪಯೋಗಕ್ಕೆ ಬರುತ್ತದೆ, ಯಂತ್ರ ಮೇಲೆ ಕುಣಿಯದೆ ಮಣ್ಣಿಗೆ ಇಳಿಯುತ್ತದೆ.

5 ಎಚ್‌ಪಿ ಮೋಟರ್ ಓಡಿಸಲು 5 ಕೆವಿಎ ಜನರೇಟರ್ ಸಾಕಲ್ವಾ?

ಸಾಲುವುದಿಲ್ಲ. ಕೆವಿಎ ಅಂದರೆ ಜನರೇಟರಿನ ಸಾಮರ್ಥ್ಯದ ಅಳತೆ. ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ಅಂಗಡಿಯವರ ಮಾತು ನಂಬಿ ಹಾಗೆ ತೆಗೆದುಕೊಂಡಿದ್ದರು. ಬಟನ್ ಒತ್ತಿದರೆ ಮೋಟರ್ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಬಿಸಿಲಿಗೆ ಬಳ್ಳಿ ಸೊರಗುತ್ತಿತ್ತು, ಅವರ ಮುಖ ನೋಡಲು ಆಗಲಿಲ್ಲ ನನಗೆ.

ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದರಿಂದ ಏಳು ಪಟ್ಟು ಕರೆಂಟ್ ಎಳೆಯುತ್ತದೆ. ನೇರ ಸ್ಟಾರ್ಟರ್ ಇದ್ದರೆ 5 ಎಚ್‌ಪಿ ಮೋಟರಿಗೆ 10ರಿಂದ 15 ಕೆವಿಎ ಇರಲಿ. ಹಾಗಂತ ಸುಮ್ನೆ 25 ಕೆವಿಎ ತಂದು ಎರಡು ಬಲ್ಬು ಹಚ್ಚಬೇಡಿ. ಲೋಡ್ ಬಹಳ ಕಡಿಮೆ ಇದ್ದರೆ ಡೀಸೆಲ್ ಅರ್ಧಂಬರ್ಧ ಸುಟ್ಟು ಸೈಲೆನ್ಸರಿನಿಂದ ಕಪ್ಪು ಜಿಡ್ಡು ಸೋರುತ್ತದೆ. ಕನಿಷ್ಠ ಮೂರನೇ ಒಂದು ಪಾಲು ಲೋಡ್ ಇರಲಿ. ಡೀಸೆಲ್ ಜನರೇಟರ್ ಸಾಮಾನ್ಯವಾಗಿ 1500 ಸುತ್ತಿನಲ್ಲಿ 50 ಹರ್ಟ್ಸ್ ಕರೆಂಟ್ ಕೊಡುತ್ತದೆ, ಸಣ್ಣ ಪೆಟ್ರೋಲಿನದು ಅದಕ್ಕೇ 3000 ಸುತ್ತು ಓಡಬೇಕು. ಎರಡರ ಸದ್ದಿನಲ್ಲಿ, ಸವೆತದಲ್ಲಿ ವ್ಯತ್ಯಾಸ ಬರುವುದು ಇದರಿಂದಲೇ. ಹೊಸದು ಕೊಳ್ಳುವುದಾದರೆ 2023ರ ಜುಲೈ 1ರಿಂದ ಬಂದ ಸಿಪಿಸಿಬಿ 4 ಪ್ಲಸ್ ಹೊಗೆ ನಿಯಮದ್ದೇ ಅಂತ ನೋಡಿ ತೆಗೆದುಕೊಳ್ಳಿ.

ಮನೆಗೆ ಡೀಸೆಲ್ ಕಾರು ತೆಗೆದುಕೊಳ್ಳಲಾ?

ವರ್ಷಕ್ಕೆ ಎಷ್ಟು ಓಡಿಸುತ್ತೀರಿ ಅಂತ ಮೊದಲು ಹೇಳಿ. ಡೀಸೆಲ್ ಕಾರಿಗೆ 1.3 ಲಕ್ಷ ಜಾಸ್ತಿ ಅಂತ ಇಟ್ಟುಕೊಳ್ಳಿ. ಪೆಟ್ರೋಲ್ 103 ರೂಪಾಯಿ, ಆ್ಯವರೇಜು 17. ಡೀಸೆಲ್ 91 ರೂಪಾಯಿ, ಆ್ಯವರೇಜು 21. ಒಂದು ಕಿ.ಮೀ.ಗೆ ಸುಮಾರು 1.70 ರೂಪಾಯಿ ಉಳಿಯುತ್ತದೆ. ಕೊಟ್ಟ ಹೆಚ್ಚಿನ ಹಣ ವಾಪಸ್ ಬರಲು 75 ಸಾವಿರ ಕಿ.ಮೀ. ಓಡಬೇಕು. ವರ್ಷಕ್ಕೆ 30 ಸಾವಿರ ಓಡಿಸುವವರಿಗೆ ಎರಡೂವರೆ ವರ್ಷ. 8 ಸಾವಿರ ಓಡಿಸುವವರಿಗೆ ಒಂಬತ್ತು ವರ್ಷದ ಮೇಲೆ!

ಹಣದ ಲೆಕ್ಕ ಅಷ್ಟೇ ಅಲ್ಲ. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಡೀಸೆಲ್ ಕಾರುಗಳಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬಂತು, ಡಿಪಿಎಫ್ ಅಂತಾರೆ. ಕೂಡಿದ ಮಸಿಯನ್ನು ಅದು ಸುಟ್ಟುಕೊಳ್ಳಬೇಕೆಂದರೆ ಆಗಾಗ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ 60ರ ಮೇಲೆ ಓಡಬೇಕು. ನಾನು ಡೀಸೆಲ್ ಮೇಲಿನ ಆಸೆಗೆ ಅಂಥ ಕಾರು ಕೊಂಡೆ. ಮನೆಯಿಂದ ಗ್ಯಾರೇಜಿಗೆ 4 ಕಿ.ಮೀ. ಐದು ತಿಂಗಳಿಗೆ ಮೀಟರಿನಲ್ಲಿ ಹಳದಿ ಲೈಟ್ ಹತ್ತಿತು, ಪಿಕಪ್ ಸತ್ತಿತು. ಕೊಳ್ಳುವಾಗ ಶೋರೂಮಿನಲ್ಲಿ ಯಾರೂ ಇದರ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ಬಾಗಲಕೋಟೆವರೆಗೆ ಒಂದೇ ವೇಗದಲ್ಲಿ ಹೋಗಿ ಬಂದ ಮೇಲೆ ಲೈಟ್ ಹೋಯಿತು. ಈಗ ವಾರಕ್ಕೊಮ್ಮೆ ಹೈವೇ ಕಾಣಿಸುತ್ತೇನೆ. ಊರೊಳಗೇ ಓಡಾಡುವವರು, ಶಾಲೆಗೆ ಮಕ್ಕಳನ್ನು ಬಿಡುವವರು ಪೆಟ್ರೋಲ್ ತೆಗೆದುಕೊಳ್ಳಿ, ಮನಸ್ಸಿನಿಂದ ಹೇಳುತ್ತಿದ್ದೇನೆ.

ಡೀಸೆಲ್ ಬುಲೆಟ್ ಇತ್ತಂತೆ, ನಿಜವಾ?

ನಿಜ. ಎನ್‌ಫೀಲ್ಡ್ ಟಾರಸ್. 325 ಸಿಸಿ, ಆರೂವರೆ ಎಚ್‌ಪಿ. ವೇಗ ಕಡಿಮೆ, ನಡುಕ ಜಾಸ್ತಿ, ಲೀಟರಿಗೆ 70ರ ಮೇಲೆ ಆ್ಯವರೇಜು. ಹೊಗೆ ನಿಯಮ ಬಿಗಿಯಾದ ಮೇಲೆ ನಿಂತುಹೋಯಿತು. ಹಾಗೆ ನೋಡಿದರೆ ನಮ್ಮ ರಸ್ತೆಗಳ ಚಿತ್ರವನ್ನೇ ಸಣ್ಣ ಡೀಸೆಲ್ ಇಂಜಿನ್ನುಗಳು ಬದಲಿಸಿವೆ: ಒಂದೇ ಸಿಲಿಂಡರಿನ ಮೂರು ಗಾಲಿಯ ಟಂಟಂ, 2005ರಲ್ಲಿ ಬಂದ ಎರಡು ಸಿಲಿಂಡರಿನ 702 ಸಿಸಿ ಟಾಟಾ ಏಸ್. ಸಂತೆಯ ದಿನ ಇವು ಇಲ್ಲದಿದ್ದರೆ ಎಷ್ಟೋ ಊರುಗಳ ಕಾಯಿಪಲ್ಲೆ ಊರಲ್ಲೇ ಕೊಳೆಯುತ್ತಿತ್ತು.

ಹೊಗೆಯ ಬಣ್ಣ ನೋಡಿ ರೋಗ ಹೇಳಬಹುದಾ?

ಬಹುಮಟ್ಟಿಗೆ. ಕಪ್ಪು ಹೊಗೆ ಅಂದರೆ ಗಾಳಿ ಸಾಲುತ್ತಿಲ್ಲ ಇಲ್ಲವೇ ಎಣ್ಣೆ ಜಾಸ್ತಿ ಆಗಿದೆ. ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ, ನಮ್ಮ ಧೂಳಿಗೆ ಅರ್ಧ ಕೇಸುಗಳು ಅಲ್ಲೇ ಮುಗಿಯುತ್ತವೆ. ಆಮೇಲೆ ನಾಜಲ್. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ, ರಿಂಗು ಲೈನರು ಸವೆದಿವೆ, ಇಂಜಿನ್ ಬಿಚ್ಚಿ ಬೋರ್ ಮಾಡಿಸುವ ಕಾಲ ಬಂದಿದೆ. ಬಿಳಿ ಹೊಗೆ ಚಾಲೂ ಮಾಡಿದಾಗ ಸ್ವಲ್ಪ ಬಂದು ನಿಂತರೆ ಚಿಂತೆ ಇಲ್ಲ. ನಿಲ್ಲದಿದ್ದರೆ ಡೀಸೆಲ್ಲಿನಲ್ಲಿ ನೀರಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಕಂಪ್ರೆಶನ್, ಅಂದರೆ ಗಾಳಿ ಒತ್ತುವ ಬಲ, ಬಿದ್ದಿರಬಹುದು.

ಎಣ್ಣೆ ಖಾಲಿಯಾಗಿ ನಿಂತ ಮೇಲೆ ಟ್ಯಾಂಕ್ ತುಂಬಿಸಿದರೂ ಚಾಲೂ ಆಗುತ್ತಿಲ್ಲ. ಏನಾಯಿತು?

ಏರ್ ಹಿಡಿದಿದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ಹೋಗಿ ಬರೀ ಡೀಸೆಲ್ ಬರುವವರೆಗೆ ಬಿಡಿ, ಬಿಗಿ ಮಾಡಿ. ಆಮೇಲೆ ಡೀಸೆಲ್ ಪಂಪಿನ ಸ್ಕ್ರೂ, ಅದೂ ಹಾಗೆಯೇ. ಕೊನೆಗೆ ನಾಜಲ್ ಕಡೆಯ ಪೈಪಿನ ನಟ್ಟು ಸಡಿಲಿಸಿ ಹ್ಯಾಂಡಲ್ ತಿರುಗಿಸಿ, ಎಣ್ಣೆ ಚಿಮ್ಮಿದ ಮೇಲೆ ಬಿಗಿ ಮಾಡಿ. ನಾಜಲ್ ಹೊರಗೆ ತೆಗೆದು ಸಿಂಪಡಿಕೆ ನೋಡುವಾಗ ಕೈ ಅಡ್ಡ ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೋದರೆ ಗಾಯ ಚಿಕ್ಕದು ಅಂತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಹೊಸ ಕಾಮನ್ ರೈಲ್ ಇಂಜಿನ್‌ಗಳಲ್ಲಿ 1600 ಬಾರ್ ಮೇಲೆ ಒತ್ತಡ ಇರುತ್ತದೆ. ಅವುಗಳ ಪೈಪನ್ನು ಮನೆಯಲ್ಲಿ ಮುಟ್ಟಲೇಬೇಡಿ.

ಇಂಜಿನ್ ಚಾಲೂ ಮಾಡಲು ಹ್ಯಾಂಡಲ್ ಹೊಡೆಯುವಾಗ ಏನು ಎಚ್ಚರ ಬೇಕು?

ಹೆಬ್ಬೆರಳು. ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹ್ಯಾಂಡಲ್ಲನ್ನು ಸುತ್ತಿ ಹಿಡಿಯಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈ ಬಿಟ್ಟು ಹೋಗಬೇಕು. ನಮ್ಮಪ್ಪನ ಬಲ ಮಣಿಕಟ್ಟು ಹೀಗೆ ಮುರಿದು, ಆ ಕೈಯಲ್ಲಿ ಮತ್ತೆ ಕೊಡ ಎತ್ತಲು ಆಗಲೇ ಇಲ್ಲ. ಹೆಡ್ ಮೇಲಿನ, ಒಳಗಿನ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿ, ಚಕ್ರ ಜೋರಾಗಿ ತಿರುಗಿದ ಮೇಲಷ್ಟೇ ಬಿಡಿ. ಸೀರೆ ಸೆರಗು, ಟವೆಲ್ಲು, ಪಂಚೆ ತಿರುಗುವ ಪಟ್ಟಾದ (ಬೆಲ್ಟಿನ) ಹತ್ತಿರ ಬರಬಾರದು.

ಹೊಗೆಯಿಂದ ಅಪಾಯ ಎಷ್ಟು?

ಇದನ್ನು ಮುಚ್ಚಿಟ್ಟು ಡೀಸೆಲ್ಲನ್ನು ಹೊಗಳುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಚ್ಚಿದ ಕೋಣೆಯಲ್ಲಿ, ಅಂಗಡಿಯ ಶಟರ್ ಹಾಕಿಕೊಂಡು ಜನರೇಟರ್ ಓಡಿಸಬೇಡಿ. ಎಲ್ಲಕ್ಕಿಂತ ದೊಡ್ಡ ಅಪಾಯ ಬಾವಿ. ನೀರು ಆಳಕ್ಕೆ ಇಳಿಯಿತೆಂದು ಇಂಜಿನ್ನನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿ ಓಡಿಸುವುದುಂಟು. ವಿಷಗಾಳಿ ಅಲ್ಲೇ ಕೂಡುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊದಲು ಇಳಿದವನು ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ, ನಿಮ್ಮ ಆಳುಗಳಿಗೂ ಮಾಡಲು ಬಿಡಬೇಡಿ.

ಹೊಳೆ ನೀರಲ್ಲಿ ಮುಳುಗಿದ ಇಂಜಿನ್ ಮತ್ತೆ ಓಡುತ್ತದಾ?

ಓಡುತ್ತದೆ, ಅವಸರ ಮಾಡದಿದ್ದರೆ. 2019ರ ಆಗಸ್ಟ್ ಪ್ರವಾಹ ಇಳಿದ ಮೇಲೆ ನನ್ನ ಅಂಗಳದಲ್ಲಿ ಕೆಸರು ಮೆತ್ತಿದ ಇಂಜಿನ್‌ಗಳ ಸಾಲೇ ಇತ್ತು. ಎತ್ತಿ ತಂದ ಕೂಡಲೇ ಹ್ಯಾಂಡಲ್ ಹೊಡೆದವರ ಕನೆಕ್ಟಿಂಗ್ ರಾಡ್ ಬಗ್ಗಿತ್ತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಮೊದಲು ನಾಜಲ್ ಬಿಚ್ಚಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೀರು ಹೊರಗೆ ಹಾಕಿ. ಆಯಿಲ್ ಪೂರ್ತಿ ಇಳಿಸಿ, ಹೊಸದು ಹಾಕಿ, ಹತ್ತು ನಿಮಿಷ ಓಡಿಸಿ ಅದನ್ನೂ ಇಳಿಸಿ, ಮತ್ತೆ ಹೊಸದು ಹಾಕಿ. ಟ್ಯಾಂಕು, ಫಿಲ್ಟರು, ಏರ್ ಕ್ಲೀನರು ಎಲ್ಲ ತೊಳೆಯಬೇಕು. ಅಜ್ಜನ ಎವಿ1 ಕೂಡ ಆ ಸಾಲಿನಲ್ಲಿತ್ತು. ನಾಲ್ಕನೇ ದಿನ ಚಾಲೂ ಆಯಿತು.

ಮಳೆಗಾಲದಲ್ಲಿ ಮೂರು ನಾಲ್ಕು ತಿಂಗಳು ಇಂಜಿನ್ ಸುಮ್ಮನೆ ನಿಲ್ಲುತ್ತದೆ. ಹೇಗೆ ಇಡಬೇಕು?

ಟ್ಯಾಂಕ್ ಪೂರ್ತಿ ತುಂಬಿಸಿಡಿ. ಅರ್ಧ ಖಾಲಿ ಇದ್ದರೆ ಒಳಗೆ ತೇವ ಹನಿಗಟ್ಟಿ ಡೀಸೆಲ್ಲಿಗೆ ನೀರು ಸೇರುತ್ತದೆ. ನಿಲ್ಲಿಸುವ ಮೊದಲು ಆಯಿಲ್ ಬದಲಿಸಿ, ಹಳೆಯದನ್ನು ಬಿಟ್ಟರೆ ಅದರ ಹುಳಿ ಬೇರಿಂಗ್ ತಿನ್ನುತ್ತದೆ. ಚಕ್ರವನ್ನು ಕೈಯಿಂದ ತಿರುಗಿಸಿ, ಗಟ್ಟಿ ಹಿಡಿಯುವ ಜಾಗಕ್ಕೆ ತಂದು ನಿಲ್ಲಿಸಿ. ಆಗ ಎರಡೂ ವಾಲ್ವು ಮುಚ್ಚಿರುತ್ತವೆ, ತಂಪು ಗಾಳಿ ಒಳಗೆ ಹೋಗುವುದಿಲ್ಲ. ಸೈಲೆನ್ಸರ್ ಬಾಯಿಗೆ ಒಂದು ಡಬ್ಬಿ ಬೋರಲು ಹಾಕಿ. ಹದಿನೈದು ದಿನಕ್ಕೊಮ್ಮೆ ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿ ಮತ್ತೆ ಅದೇ ಜಾಗಕ್ಕೆ ತನ್ನಿ. ದಸರಾಕ್ಕೆ ಪೂಜೆ ಮಾಡಿ ಚಾಲೂ ಮಾಡುವ ಮುಂಚೆ ಏರ್ ಕ್ಲೀನರ್ ಮುಚ್ಚಳ ತೆಗೆದು ಒಳಗೆ ಕೈ ಹಾಕಿ ನೋಡಿ. ಇಲಿ ಗೂಡು ಅಲ್ಲೇ ಇರುತ್ತದೆ.